ಪಂಡಿತಾ ರಮಾಬಾಯಿ: ಶಾಸ್ತ್ರಾಧ್ಯಯನ ಮತ್ತು ಸ್ತ್ರೀವಿಮೋಚನೆ

ಭಾರತದ ವಿಶ್ವವಿದ್ಯಾಲಯಗಳಲ್ಲಿ ಸ್ತ್ರೀ ಅಧ್ಯಯನವು ಒಂದು ಶಿಸ್ತಾಗಿ ನೆಲೆಗೊಂಡದ್ದು ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಿಂದ ಈಚೆಗೆ. ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಈ ವಿಷಯದ ಸಂಶೋಧನಾ ಘಟಕ ಪ್ರಾರಂಭವಾಯಿತು. ಅಂದಿನಿಂದಲೂ ಒಂದು ಪ್ರಶ್ನೆ ಈ ಶಿಸ್ತಿನ ಬೆನ್ನು ಹತ್ತಿದೆ. ಸ್ತ್ರೀಯರ ಸ್ಥಿತಿಯನ್ನು ಅಭ್ಯಸಿಸುವವರು ಆ ಸ್ಥಿತಿಯನ್ನು ಬದಲಿಸುವ ಹೋರಾಟದಲ್ಲಿಯೂ ತೊಡಗಬೇಕೆ, ಅಥವಾ ವಿದ್ವತ್ತಿನ ತಟಸ್ಥತೆಯನ್ನು ಕಾಪಾಡಿಕೊಂಡು ಹೊರಗೆ ನಿಲ್ಲಬೇಕೆ ಎಂಬುದೇ ಆ ಪ್ರಶ್ನೆ. ಇದಕ್ಕೆ ಸಿದ್ಧಾಂತಗಳ ಮೂಲಕ ಉತ್ತರ ಹುಡುಕುವ ಮುನ್ನ, ನೂರು ವರ್ಷಗಳ ಹಿಂದೆಯೇ ತಮ್ಮ ಬದುಕಿನಿಂದ ಇದಕ್ಕೆ ಉತ್ತರ ನೀಡಿದ ವಿದುಷಿಯೊಬ್ಬರನ್ನು ನೆನೆಯುವುದು ಉಚಿತ. ಕರ್ನಾಟಕದ ಘಟ್ಟದ ಕಾಡಿನಲ್ಲಿ ಹುಟ್ಟಿ, ಮಹಾರಾಷ್ಟ್ರದ ಬಯಲಿನಲ್ಲಿ ಮಣ್ಣಾದ ಪಂಡಿತಾ ರಮಾಬಾಯಿ ಅವರೇ ಆ ವಿದುಷಿ.

ರಮಾಬಾಯಿ ಜನಿಸಿದ್ದು 1858ರ ಏಪ್ರಿಲ್ 23ರಂದು, ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಪ್ರಸಿದ್ಧವಾದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಅವರದು ಕಾರ್ಕಳದ ಬಳಿಯ ಮಾಳದಲ್ಲಿ ನೆಲೆಸಿದ್ದ ಚಿತ್ಪಾವನ ಬ್ರಾಹ್ಮಣ ಮನೆತನ. ಶಾಸ್ತ್ರಿಗಳು ಯೌವನದಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿಗಳೆಂಬ ವಿದ್ವಾಂಸರ ಬಳಿ ಓದಿದರು. ಆ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಸ್ಪಷ್ಟವಾಗಿ ಹೇಳುವುದನ್ನು ಕೇಳಿದ ಶಿಷ್ಯನಲ್ಲಿ, ತಾನೂ ತನ್ನ ಪತ್ನಿಗೆ ಕಲಿಸಬೇಕೆಂಬ ಸಂಕಲ್ಪ ಮೂಡಿತು. ಮೊದಲ ಪತ್ನಿಯ ಕಾಲದಲ್ಲಿ ಮನೆಯವರ ವಿರೋಧದಿಂದ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ್ದ ಶಾಸ್ತ್ರಿಗಳು ತೀರ್ಥಯಾತ್ರೆಯಲ್ಲಿದ್ದಾಗ ಒಂಬತ್ತು ವರ್ಷದ ಬಾಲಿಕೆಯೊಬ್ಬಳನ್ನು ವಿವಾಹವಾದರು. ಆಕೆಯೇ ರಮಾಬಾಯಿಯವರ ತಾಯಿ ಲಕ್ಷ್ಮೀಬಾಯಿ. ಮುಂದೆ ಬಾಲ್ಯವಿವಾಹವನ್ನು ಅಷ್ಟು ನಿಷ್ಠುರವಾಗಿ ಪರಿಶೀಲಿಸಿದ ಮಗಳು ತಾನೇ ಅಂತಹದೊಂದು ವಿವಾಹದ ಫಲವಾಗಿದ್ದಳು, ಆ ವಿವಾಹವೇ ಅವಳಿಗೆ ವಿದ್ಯೆಯ ಬಾಗಿಲನ್ನೂ ತೆರೆಯಿತು ಎಂಬ ವೈರುಧ್ಯವನ್ನು ಇಲ್ಲಿಯೇ ಗಮನಿಸಬೇಕು.

ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟ ಶಾಸ್ತ್ರಿಗಳಿಗೆ ಸ್ವಸಮಾಜದ ಆಕ್ಷೇಪವನ್ನು ಎದುರಿಸಬೇಕಾಯಿತು. ಉಡುಪಿಯಲ್ಲಿ ವಿದ್ವಾಂಸರ ಸಭೆಯೊಂದರ ಮುಂದೆ ಅವರು ಶಾಸ್ತ್ರಾಧಾರಗಳನ್ನು ಮುಂದಿಟ್ಟು ಸ್ತ್ರೀಯರ ವಿದ್ಯಾಧಿಕಾರವನ್ನು ಸಮರ್ಥಿಸಿಕೊಂಡರೆಂದು ಚರಿತ್ರಕಾರರು ಹೇಳುತ್ತಾರೆ. ನೆಮ್ಮದಿಯಿಂದ ಪಾಠ ಹೇಳುವ ಸಲುವಾಗಿ ಅವರು ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ಅಲ್ಲಿಗೆ ಶಿಷ್ಯರು ಬಂದರು, ಯಾತ್ರಿಕರೂ ಬಂದರು. ಅತಿಥಿಸತ್ಕಾರದ ವೆಚ್ಚದಿಂದ ಸಾಲ ಬೆಳೆದು, ಆಸ್ತಿ ಕರಗಿ, ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಕಾಡನ್ನು ತೊರೆಯಬೇಕಾಯಿತು. ಬೆತ್ತದ ಬುಟ್ಟಿಯೊಂದರಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಆ ಕೂಸನ್ನು ಘಟ್ಟದಿಂದ ಇಳಿಸಿದರು. ಮುಂದಿನ ಹದಿನಾರು ವರ್ಷ ಕುಟುಂಬಕ್ಕೆ ಸ್ಥಿರವಾದ ಮನೆಯೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಸಾಗುವುದೇ ಜೀವನವಾಯಿತು. ವೃದ್ಧನಾದ ತಂದೆಗೆ ಕಲಿಸುವ ಶಕ್ತಿ ಉಳಿದಿರಲಿಲ್ಲವಾಗಿ ತಾಯಿಯೇ ಮಗಳಿಗೆ ಗುರುವಾದಳು. ಹನ್ನೆರಡನೆಯ ವಯಸ್ಸಿಗೆ ಬಾಲಕಿಗೆ ಭಾಗವತದ ಸಹಸ್ರಾರು ಶ್ಲೋಕಗಳು ಕಂಠಸ್ಥವಾಗಿದ್ದವು. ಮರಾಠಿ ಮನೆಮಾತಾಗಿದ್ದರೂ ಈ ಅಲೆದಾಟದಲ್ಲಿ ಕನ್ನಡವೂ ಹಿಂದುಸ್ತಾನಿಯೂ ಅವರ ನಾಲಗೆಗೆ ಬಂದವು.

1874ರ ಹೊತ್ತಿಗೆ ದಕ್ಷಿಣದಲ್ಲಿ ಕ್ಷಾಮ ತಲೆದೋರಿತು. ಕೈಯಲ್ಲಿದ್ದ ಹಣವನ್ನು ದಾನಧರ್ಮ ವ್ರತಗಳಿಗೆ ವೆಚ್ಚ ಮಾಡಿದ್ದ ಕುಟುಂಬಕ್ಕೆ ದೈಹಿಕ ದುಡಿಮೆ ತಿಳಿಯದು, ಭಿಕ್ಷೆಗೆ ಮಾನ ಅಡ್ಡ ಬರುತ್ತಿತ್ತು. ತಂದೆ ತೀರಿಕೊಂಡರು. ಸ್ವಲ್ಪ ಕಾಲದಲ್ಲಿಯೇ ತಾಯಿ, ಅನಂತರ ಅಕ್ಕ ಕೃಷ್ಣಾಬಾಯಿ ತೀರಿಕೊಂಡರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸಶಾಸ್ತ್ರಿ. ಇಬ್ಬರೂ ಬಹುಪಾಲು ಕಾಲ್ನಡಿಗೆಯಲ್ಲಿಯೇ ಸಾವಿರಾರು ಮೈಲಿ ಸಂಚರಿಸಿ 1878ರಲ್ಲಿ ಕಲಕತ್ತೆಯನ್ನು ಸೇರಿದರು. ಹಸಿವಿನ ಈ ಅನುಭವ ಅವರ ಮುಂದಿನ ಕಾರ್ಯಕ್ಕೆ ಭೂಮಿಕೆಯಾಯಿತು. ಇಪ್ಪತ್ತು ವರ್ಷಗಳ ಅನಂತರ ಮತ್ತೊಂದು ಕ್ಷಾಮ ಬಂದಾಗ ಅವರು ಏನು ಮಾಡಿದರೆಂಬುದನ್ನು ಅರಿಯಲು ಈ ವರ್ಷಗಳನ್ನು ನೆನಪಿಡಬೇಕಾಗುತ್ತದೆ.

ಕಲಕತ್ತೆಯ ಪಂಡಿತರು ಈ ಇಪ್ಪತ್ತರ ತರುಣಿಯನ್ನು ಪರೀಕ್ಷಿಸಿ, ಬೆರಗಾಗಿ, ಪಂಡಿತಾ ಎಂಬ ಬಿರುದನ್ನೂ ಸರಸ್ವತಿ ಎಂಬ ಉಪಾಧಿಯನ್ನೂ ನೀಡಿದರು. ಅಂತಃಪುರದ ಸ್ತ್ರೀಯರಿಗೆ ಶಾಸ್ತ್ರೋಕ್ತವಾದ ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ನೀಡಬೇಕೆಂದು ಕೇಳಿಕೊಂಡರು. ಅದಕ್ಕಾಗಿ ರಮಾಬಾಯಿ ಧರ್ಮಶಾಸ್ತ್ರಗಳನ್ನು ಮೊದಲ ಬಾರಿಗೆ ಕ್ರಮಬದ್ಧವಾಗಿ ಓದಿದರು. ಅವರೊಳಗಿನ ಸಂಶೋಧಕಿ ಹುಟ್ಟಿದ್ದು ಈ ಓದಿನಲ್ಲಿ. ಬೇರೆಲ್ಲ ವಿಷಯಗಳಲ್ಲಿ ಪರಸ್ಪರ ಭಿನ್ನವಾಗಿ ನುಡಿಯುವ ಗ್ರಂಥಗಳು, ಸ್ತ್ರೀಯು ಸ್ವಭಾವತಃ ಕೀಳು, ಪುರುಷನಂತೆ ಸ್ವತಂತ್ರವಾಗಿ ಮೋಕ್ಷಕ್ಕೆ ಅರ್ಹಳಲ್ಲ ಎಂಬ ಅಂಶದಲ್ಲಿ ಮಾತ್ರ ಒಮ್ಮತ ಹೊಂದಿರುವುದನ್ನು ಅವರು ಕಂಡರು. ಇದೇ ಗ್ರಂಥಗಳಲ್ಲಿ ಸ್ತ್ರೀಗೌರವದ ಮಾತುಗಳನ್ನು ಆಯ್ದು ತೋರಿಸಿ ಸಮಾಧಾನ ಪಡುವುದು ಅಂದಿನ ಸುಧಾರಕರ ಸಾಮಾನ್ಯ ಪದ್ಧತಿಯಾಗಿತ್ತು. ರಮಾಬಾಯಿ ಗ್ರಂಥಸಮುದಾಯವನ್ನು ಒಟ್ಟಾಗಿ ಓದಿ, ಅದರ ಒಲವು ಎತ್ತಕಡೆಗಿದೆ ಎಂದು ಕೇಳಿದರು. ಉಪನ್ಯಾಸಕ್ಕಾಗಿ ಆರಂಭಿಸಿದ ಓದು ಉಪನ್ಯಾಸದ ಉದ್ದೇಶವನ್ನೇ ಪ್ರಶ್ನಿಸುವಂತಾಯಿತು.

1880ರಲ್ಲಿ ಅಣ್ಣನೂ ಢಾಕಾದಲ್ಲಿ ನಿಧನ ಹೊಂದಿದನು. ಅದೇ ವರ್ಷ ಜೂನ್‌ನಲ್ಲಿ ರಮಾಬಾಯಿ ಬಿಪಿನ್‌ಬಿಹಾರಿ ಮೇಧ್ವಿ ಎಂಬ ಬಂಗಾಳಿ ವಕೀಲರನ್ನು ವಿವಾಹವಾದರು. ಜಾತಿ ಬೇರೆ, ಪ್ರಾಂತ ಬೇರೆ, ಭಾಷೆ ಬೇರೆ. ವಿವಾಹ ನಡೆದದ್ದು ಕಾನೂನಿನ ನೋಂದಣಿಯ ಮೂಲಕ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾದಿಂದ ತೀರಿಕೊಂಡರು. ಇಪ್ಪತ್ತನಾಲ್ಕು ತುಂಬುವ ಮೊದಲೇ ವಿಧವೆಯಾದ ರಮಾಬಾಯಿ, ಕೂಸನ್ನು ಎತ್ತಿಕೊಂಡು ತಮ್ಮ ಪೂರ್ವಿಕರ ಭಾಷೆಯ ನಾಡಾದ ಪುಣೆಗೆ ಬಂದರು.

ಪುಣೆಯ 1882ನೆಯ ವರ್ಷ ಅವರ ಜೀವನದಲ್ಲಿ ಅತ್ಯಂತ ಮಹತ್ವದ್ದು. ರಾನಡೆ, ಭಂಡಾರಕರ್ ಮೊದಲಾದವರ ಬೆಂಬಲದಿಂದ ಅವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 'ಸ್ತ್ರೀಧರ್ಮನೀತಿ' ಎಂಬ ಮರಾಠಿ ಗ್ರಂಥವನ್ನು ಪ್ರಕಟಿಸಿದರು. ಸರ್ ವಿಲಿಯಂ ಹಂಟರ್ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗ ಪುಣೆಗೆ ಬಂದಾಗ ಅದರ ಮುಂದೆ ಮರಾಠಿಯಲ್ಲಿ ಸಾಕ್ಷ್ಯ ನುಡಿದರು. ಹೆಣ್ಣುಮಕ್ಕಳ ಶಾಲೆಗಳಿಗೆ ಸ್ತ್ರೀಯರೇ ಶಿಕ್ಷಕಿಯರಾಗಬೇಕು, ಅವರಿಗೆ ತಕ್ಕ ತರಬೇತಿಯೂ ವೇತನವೂ ದೊರೆಯಬೇಕು, ಶಾಲೆಗಳ ತಪಾಸಣೆಗೆ ಸ್ತ್ರೀಯರನ್ನೇ ನೇಮಿಸಬೇಕು, ಪುರುಷವೈದ್ಯರಿಗೆ ತಮ್ಮ ಬೇನೆಯನ್ನು ಹೇಳಿಕೊಳ್ಳಲಾರದೆ ಸಾಯುವ ಸ್ತ್ರೀಯರಿಗಾಗಿ ಸ್ತ್ರೀಯರಿಗೆ ವೈದ್ಯಶಿಕ್ಷಣ ಕೊಡಬೇಕು ಎಂಬುದು ಆ ಸಾಕ್ಷ್ಯದ ಸಾರ. ವಿದ್ಯಾವಂತ ಪುರುಷರಲ್ಲಿ ಬಹುಮಂದಿ ಸ್ತ್ರೀಶಿಕ್ಷಣಕ್ಕೆ ವಿರೋಧಿಗಳೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಹಂಟರ್ ಅವರು ಈ ಸಾಕ್ಷ್ಯವನ್ನು ಭಾಷಾಂತರಿಸಿ ಪ್ರತ್ಯೇಕವಾಗಿ ಮುದ್ರಿಸಿದರು.

ಇದೇ ವರ್ಷದ 'ಸ್ತ್ರೀಧರ್ಮನೀತಿ'ಯನ್ನು ಓದಿದರೆ ಬೇರೊಂದು ಧ್ವನಿ ಕೇಳಿಸುತ್ತದೆ. ಅದು ಸ್ತ್ರೀಯರಿಗೆ ಹೇಳಿದ ಹಿತೋಪದೇಶ. ವಿದ್ಯೆ ಕಲಿಯಿರಿ, ಸ್ವಾವಲಂಬಿಗಳಾಗಿ, ಪ್ರಬುದ್ಧ ವಯಸ್ಸಿನಲ್ಲಿ ವಿವಾಹವಾಗಿ ಎಂಬ ಪ್ರಗತಿಪರ ವಿಚಾರಗಳು ಅದರಲ್ಲಿವೆ. ಆದರೆ ಸ್ತ್ರೀಯರ ದುಃಸ್ಥಿತಿಗೆ ಅವರ ಅಜ್ಞಾನ ಆಲಸ್ಯಗಳೇ ಕಾರಣವೆಂಬ ಭಾವನೆ ಅದರ ಒಳಗೆ ಹರಿಯುತ್ತದೆ. ಐದು ವರ್ಷಗಳ ಅನಂತರ ಇದೇ ಲೇಖಕಿ ಬರೆದ ಗ್ರಂಥದಲ್ಲಿ ದೃಷ್ಟಿಕೋನ ಸಂಪೂರ್ಣ ತಿರುಗಿದೆ. ಈ ಎರಡು ಗ್ರಂಥಗಳ ನಡುವಣ ಅಂತರವನ್ನು ಅರ್ಥಮಾಡಿಕೊಂಡರೆ ರಮಾಬಾಯಿಯವರ ವೈಚಾರಿಕ ಬೆಳವಣಿಗೆಯ ಗುಟ್ಟು ದೊರೆಯುತ್ತದೆ.

ಆ ಐದು ವರ್ಷಗಳನ್ನು ಅವರು ಹೆಚ್ಚಾಗಿ ಕಳೆದದ್ದು ವಿದೇಶದಲ್ಲಿ. ವೈದ್ಯಶಿಕ್ಷಣದ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದ ಅವರಿಗೆ ಕಿವಿಯ ಮಂದತನ ಅಡ್ಡಿಯಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ವಾಂಟೇಜ್‌ನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಅನಂತರ ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಆಶ್ರಯದಲ್ಲಿ ಇಂಗ್ಲಿಷ್ ಮೊದಲಾದ ವಿಷಯಗಳನ್ನು ಕಲಿತರು, ಸಂಸ್ಕೃತವನ್ನು ಕಲಿಸಿದರು. ಹೊಸ ಧರ್ಮವನ್ನು ಸ್ವೀಕರಿಸಿದರೂ ಅದರ ಅಧಿಕಾರಿಗಳಿಗೆ ಅವರು ತಲೆಬಾಗಲಿಲ್ಲ. ಸ್ತ್ರೀಯೊಬ್ಬಳು ಪುರುಷ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಸಲ್ಲದೆಂದು ಬಿಷಪ್ಪರು ಆಕ್ಷೇಪಿಸಿದಾಗ, ತಮ್ಮ ವಿವೇಚನೆಯನ್ನು ಯಾರಿಗೂ ಒತ್ತೆಯಿಡುವುದಿಲ್ಲವೆಂಬ ನಿಲುವನ್ನು ಪತ್ರಗಳ ಮೂಲಕ ಪ್ರತಿಪಾದಿಸಿದರು. 1977ರಲ್ಲಿ ಎ.ಬಿ. ಶಹಾ ಅವರ ಸಂಪಾದಕತ್ವದಲ್ಲಿ ಪ್ರಕಟವಾದ ಅವರ ಪತ್ರವ್ಯವಹಾರವನ್ನು ಓದಿದವರಿಗೆ, ಉಡುಪಿಯ ಸಭೆಯ ಮುಂದೆ ನಿಂತಿದ್ದ ತಂದೆಯ ಮಗಳು ಇವರೆಂಬುದು ಸ್ಪಷ್ಟವಾಗುತ್ತದೆ.

ಭಾರತದ ಮೊದಲ ವೈದ್ಯಪದವೀಧರೆಯರಲ್ಲೊಬ್ಬರಾದ ಆನಂದೀಬಾಯಿ ಜೋಶಿ ಅವರ ಪದವಿಪ್ರದಾನಕ್ಕೆಂದು 1886ರಲ್ಲಿ ರಮಾಬಾಯಿ ಅಮೆರಿಕೆಯ ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿಯೇ 1887ರಲ್ಲಿ, 'ದಿ ಹೈ ಕಾಸ್ಟ್ ಹಿಂದೂ ವುಮನ್' ಎಂಬ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥ ಹೊರಬಂದಿತು. ಬಾಲ್ಯ, ವಿವಾಹಿತ ಜೀವನ, ವೈಧವ್ಯ ಎಂಬ ಕ್ರಮದಲ್ಲಿ ಉಚ್ಚವರ್ಣದ ಸ್ತ್ರೀಯ ಬದುಕನ್ನು ನಿರೂಪಿಸುವ ಈ ಕೃತಿ ವಿಧಾನದ ದೃಷ್ಟಿಯಿಂದ ಬಹಳ ಆಧುನಿಕವಾದುದು. ಇದರಲ್ಲಿ ಮೂರು ಬಗೆಯ ಆಧಾರಗಳು ಒಂದರೊಡನೊಂದು ಸೇರುತ್ತವೆ. ಮೊದಲನೆಯದು ಗ್ರಂಥಾಧಾರ. ಮನುವಿನ ವಿಧಿಗಳನ್ನು ಅವರು ವಿಸ್ತಾರವಾಗಿ ಪರಿಶೀಲಿಸುತ್ತಾರೆ. ಸತೀಪದ್ಧತಿಗೆ ಆಧಾರವೆನ್ನಲಾದ ಋಗ್ವೇದದ ವಾಕ್ಯದಲ್ಲಿ ಒಂದು ಅಕ್ಷರದ ವ್ಯತ್ಯಾಸದಿಂದ ಅರ್ಥವೇ ತಿರುಚಿಹೋದುದನ್ನು, ಆ ಕಾಲದ ಸಂಸ್ಕೃತ ವಿದ್ವಾಂಸರ ಶೋಧದ ಬೆಳಕಿನಲ್ಲಿ ತೋರಿಸುತ್ತಾರೆ. ಎರಡನೆಯದು ಅಂಕಿಅಂಶ. 1881ರ ಜನಗಣತಿಯಿಂದ ವಿಧವೆಯರ ಸಂಖ್ಯೆ ಸುಮಾರು 2 ಕೋಟಿಯೆಂದೂ, ಅವರಲ್ಲಿ ಎಳೆಯ ಬಾಲಿಕೆಯರೂ ಸಹಸ್ರಾರು ಇದ್ದಾರೆಂದೂ ಎತ್ತಿ ತೋರಿಸುತ್ತಾರೆ. ಮೂರನೆಯದು ಅನುಭವ. ತಾಯಿಯ ವಿವಾಹದಿಂದ ಮೊದಲುಗೊಂಡು ಯಾತ್ರಾಸ್ಥಳಗಳಲ್ಲಿ ಕಂಡ ನಿರ್ಗತಿಕ ವಿಧವೆಯರವರೆಗೆ ಎಲ್ಲವೂ ಇಲ್ಲಿ ಸಾಕ್ಷ್ಯವಾಗಿ ಬರುತ್ತವೆ.

ಈ ಗ್ರಂಥದ ರಾಜಕೀಯ ಆಯಾಮವೂ ಮುಖ್ಯವಾದುದು. ಬಾಲ್ಯದಲ್ಲಿ ತನಗೆ ಕಟ್ಟಿದ ಗಂಡನ ಮನೆಗೆ ಹೋಗಲೊಪ್ಪದ ಮುಂಬಯಿಯ ರಖ್ಮಾಬಾಯಿಗೆ, ಗಂಡನೊಡನೆ ಬಾಳಬೇಕು ಇಲ್ಲವೇ ಸೆರೆಮನೆಗೆ ಹೋಗಬೇಕೆಂದು 1887ರ ಮಾರ್ಚ್‌ನಲ್ಲಿ ನ್ಯಾಯಾಲಯ ತೀರ್ಪಿತ್ತಿತ್ತು. ಆ ತೀರ್ಪು ಹೊರಬಿದ್ದ ಕೆಲವೇ ತಿಂಗಳಲ್ಲಿ ಅದರ ಚರ್ಚೆ ಈ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಸುಧಾರಣೆಯ ಹೆಸರು ಹೇಳುವ ಬ್ರಿಟಿಷ್ ಸರಕಾರವು ತನ್ನ ಲಾಭ ಮತ್ತು ಆಡಳಿತದ ನೆಮ್ಮದಿಗಾಗಿ ಭಾರತೀಯ ಪುರುಷರೊಡನೆ ಒಪ್ಪಂದ ಮಾಡಿಕೊಂಡಿದೆ, ಆ ಒಪ್ಪಂದದ ಬೆಲೆಯನ್ನು ತೆರುವವಳು ಸ್ತ್ರೀ ಎಂಬುದು ಅವರ ವಿಶ್ಲೇಷಣೆ. ಶಾಸ್ತ್ರ, ಕುಟುಂಬ, ನ್ಯಾಯಾಲಯ, ಪ್ರಭುತ್ವ ಇವುಗಳನ್ನು ಒಂದೇ ವ್ಯವಸ್ಥೆಯ ಅಂಗಗಳೆಂದು ಕಾಣುವ ಈ ನೋಟವು 'ಸ್ತ್ರೀಧರ್ಮನೀತಿ'ಯಲ್ಲಿ ಇರಲಿಲ್ಲ. ಸ್ತ್ರೀಯರಿಗೆ ಬುದ್ಧಿ ಹೇಳುವುದನ್ನು ಬಿಟ್ಟು, ಸ್ತ್ರೀಯರನ್ನು ಆ ಸ್ಥಿತಿಯಲ್ಲಿಟ್ಟ ವ್ಯವಸ್ಥೆಯನ್ನು ಲೇಖಕಿ ವಿಚಾರಣೆಗೆ ನಿಲ್ಲಿಸಿದ್ದಾರೆ. ಗ್ರಂಥದ ಕೊನೆಯಲ್ಲಿ ಸ್ವಾವಲಂಬನೆ, ಶಿಕ್ಷಣ, ಸ್ವದೇಶೀಯ ಶಿಕ್ಷಕಿಯರು ಎಂಬ ಮೂರು ಅಗತ್ಯಗಳನ್ನು ಗುರುತಿಸಿ, ವಿಧವೆಯರಿಗೊಂದು ಶಾಲೆ ಕಟ್ಟುವ ಯೋಜನೆಯನ್ನು ಮುಂದಿಡುತ್ತಾರೆ. ಪುಸ್ತಕ ಸಹಸ್ರಾರು ಪ್ರತಿ ಮಾರಾಟವಾಯಿತು. ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಷನ್ ಸ್ಥಾಪನೆಗೊಂಡು, ಶಾಲೆಗೆ ಹತ್ತು ವರ್ಷ ನೆರವು ನೀಡಲು ಒಪ್ಪಿತು. ಒಂದು ಸಂಶೋಧನಗ್ರಂಥವೇ ಒಂದು ಸಂಸ್ಥೆಗೆ ತಳಹದಿಯಾಯಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಅದೇ ವರ್ಷ ಅಮೆರಿಕೆಯ ಸಮಾಜವನ್ನು ಕುರಿತ ಅವರ ಮರಾಠಿ ಗ್ರಂಥ ಪ್ರಕಟವಾಯಿತು. ಅಲ್ಲಿನ ಸ್ತ್ರೀಸಂಘಟನೆಗಳನ್ನು ಮೆಚ್ಚಿದ ಲೇಖಕಿ, ಅಲ್ಲಿಯ ವರ್ಣಭೇದವನ್ನೂ ಮೂಲನಿವಾಸಿಗಳಿಗಾದ ಅನ್ಯಾಯವನ್ನೂ ಕಾಣದೆ ಬಿಡಲಿಲ್ಲ. ಆ ಡಿಸೆಂಬರ್‌ನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಭಾಗವಹಿಸಿದ ಕೆಲವೇ ಮಹಿಳಾ ಪ್ರತಿನಿಧಿಗಳಲ್ಲಿ ರಮಾಬಾಯಿಯವರೂ ಒಬ್ಬರು. ಜೊತೆಯಲ್ಲಿ ನಡೆದ ಸಾಮಾಜಿಕ ಪರಿಷತ್ತಿನಲ್ಲಿ ಅವರು ವಿಧವೆಯರ ಕೇಶಮುಂಡನದ ವಿರುದ್ಧ ಮಾತನಾಡಿದರು. 1890ರಲ್ಲಿ ಸದನವು ಪುಣೆಗೆ ಸ್ಥಳಾಂತರಗೊಂಡಿತು. ಆರಂಭದ ವಿದ್ಯಾರ್ಥಿನಿಯರಲ್ಲೊಬ್ಬಳಾದ ಬಾಲವಿಧವೆ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಕರ್ವೆಯವರು 1916ರಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯವೇ ಇಂದಿನ ಎಸ್.ಎನ್.ಡಿ.ಟಿ. ಲೇಖನದ ಆರಂಭದಲ್ಲಿ ಹೇಳಿದ ಸಂಶೋಧನಾ ಘಟಕದ ಬೇರು ಹೀಗೆ ಶಾರದಾ ಸದನದ ಅಂಗಳದವರೆಗೆ ಚಾಚಿದೆ.

ಅದೇ 1893ರಲ್ಲಿ ಸದನಕ್ಕೆ ದೊಡ್ಡ ಆಘಾತ ಒದಗಿತು. ಧರ್ಮದ ವಿಷಯದಲ್ಲಿ ತಟಸ್ಥವಾಗಿರುವುದಾಗಿ ಸಂಸ್ಥೆ ಮಾತು ಕೊಟ್ಟಿತ್ತು. ರಮಾಬಾಯಿ ತಮ್ಮ ಕೋಣೆಯ ಬಾಗಿಲನ್ನು ಮುಚ್ಚದೆ ಪ್ರಾರ್ಥನೆ ನಡೆಸುತ್ತಿದ್ದರು, ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಇದು ಮತಾಂತರದ ಹುನ್ನಾರವೆಂದು ತಿಲಕರ 'ಕೇಸರಿ' ಉಗ್ರವಾಗಿ ಖಂಡಿಸಿತು. ಸಲಹಾ ಸಮಿತಿಯಲ್ಲಿದ್ದ ರಾನಡೆ ಮತ್ತು ಭಂಡಾರಕರ್ ರಾಜೀನಾಮೆ ಕೊಟ್ಟರು. ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಈ ಪ್ರಕರಣದಲ್ಲಿ ಎರಡೂ ಕಡೆಯ ವಾದವನ್ನು ತೂಗಿ ನೋಡಬೇಕು. ಕೊಟ್ಟ ಮಾತು ಮತ್ತು ತೆರೆದ ಬಾಗಿಲು ಇವೆರಡರ ನಡುವಣ ಬಿಕ್ಕಟ್ಟನ್ನು ರಮಾಬಾಯಿ ಸಮರ್ಪಕವಾಗಿ ಬಗೆಹರಿಸಲಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ತಲೆ ಬೋಳಿಸಿ ಮೂಲೆಗೆ ತಳ್ಳಿದ ಬಾಲವಿಧವೆಯರ ವಿಷಯದಲ್ಲಿ ಸಮಾಜಕ್ಕೆ ಮೂಡದ ಆತಂಕ, ಅವರ ಧರ್ಮದ ವಿಷಯದಲ್ಲಿ ಮಾತ್ರ ಒಮ್ಮೆಲೇ ಮೂಡಿತೆಂಬುದೂ ಅಷ್ಟೇ ಸತ್ಯ. ಇದಕ್ಕೆ ಮುನ್ನವೇ, 1885ರ 'ಸತ್ಸಾರ'ದಲ್ಲಿ, ಜೋತಿರಾವ್ ಫುಲೆಯವರು ರಮಾಬಾಯಿಯವರ ನಿರ್ಧಾರವನ್ನು ಸಮರ್ಥಿಸಿದ್ದರು. ಶಾಸ್ತ್ರಗಳನ್ನು ಓದಬಲ್ಲ ಹೆಣ್ಣು ಅವುಗಳ ಪಕ್ಷಪಾತವನ್ನು ಕಂಡು ಹೊರನಡೆದರೆ ಅದರಲ್ಲಿ ಆಶ್ಚರ್ಯವೇನೆಂಬುದು ಅವರ ವಾದದ ಧೋರಣೆ.

ಉಚ್ಚವರ್ಣದ ಬೆಂಬಲ ಕುಗ್ಗಿದ ಮೇಲೆ ರಮಾಬಾಯಿಯವರ ಕಾರ್ಯಕ್ಷೇತ್ರ ವಿಸ್ತಾರಗೊಂಡಿತು. 1896-97ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಂದಾಗ, ಹಸಿವಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡಿದ್ದ ಆ ಮಗಳು ತಾವೇ ಅಲ್ಲಿಗೆ ಹೋಗಿ ನೂರಾರು ಅನಾಥ ಬಾಲಿಕೆಯರನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ಮುಕ್ತಿ ಸದನ ತಲೆಯೆತ್ತಿತು. ಗುಜರಾತಿನ ಕ್ಷಾಮದ ತರುವಾಯ, 1900ರ ಸುಮಾರಿಗೆ, ಆಶ್ರಿತರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಬಂದಿತು. ಈಗ ಜಾತಿಯ ಎಣಿಕೆ ಇರಲಿಲ್ಲ. ನೇಯ್ಗೆ, ಎಣ್ಣೆಗಾಣ, ಹೈನು, ಬೇಸಾಯ, ಮುದ್ರಣ ಎಲ್ಲವನ್ನೂ ಹೆಂಗಸರೇ ನಡೆಸಿದರು. ಅಂಧರಿಗೆ ಬ್ರೈಲ್ ಕಲಿಸುವ ಏರ್ಪಾಡಾಯಿತು. ಈ ನಡುವೆ 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ, ಸರಕಾರಿ ಪ್ಲೇಗು ಆಸ್ಪತ್ರೆಯಲ್ಲಿ ಸ್ತ್ರೀಯರಿಗೆ ರಕ್ಷಣೆಯಿಲ್ಲವೆಂದು ರಮಾಬಾಯಿ 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಬರೆದರು. ಆ ದೂರಿನ ಪ್ರತಿಧ್ವನಿ ಬ್ರಿಟಿಷ್ ಸಂಸತ್ತಿನವರೆಗೂ ಮುಟ್ಟಿತು. ಅವರು ಕ್ರೈಸ್ತರಾದುದರಿಂದ ಪ್ರಭುತ್ವದ ಪಕ್ಷಪಾತಿಗಳಾಗಿದ್ದರೆಂಬ ಆರೋಪಕ್ಕೆ ಈ ಘಟನೆಯೇ ಉತ್ತರ.

ಕನ್ನಡ ನೆಲದೊಡನೆ ಅವರ ಸಂಬಂಧ ಹುಟ್ಟಿಗೇ ಮುಗಿಯಲಿಲ್ಲ. 1910ರ ದಶಕದಲ್ಲಿ, ಅಂದು ಹೈದರಾಬಾದ್ ಸಂಸ್ಥಾನದಲ್ಲಿದ್ದ ಗುಲ್ಬರ್ಗಾದಲ್ಲಿ ಮುಕ್ತಿ ಸಂಸ್ಥೆಯ ಆಶ್ರಯದಲ್ಲಿ ಶಾಲೆಯೊಂದು ಆರಂಭವಾಯಿತು. ಅದರ ಹೊಣೆ ಹೊತ್ತವರು ಮಗಳು ಮನೋರಮಾಬಾಯಿ.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಮತ್ತೆ ಗ್ರಂಥದತ್ತ ತಿರುಗಿದರು. ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿ, ಬೈಬಲನ್ನು ಮೂಲದಿಂದ ಮರಾಠಿಗೆ ತಂದರು. ಆಗ ಬಳಕೆಯಲ್ಲಿದ್ದ ಭಾಷಾಂತರದ ಸಂಸ್ಕೃತಭೂಯಿಷ್ಠ ಶೈಲಿಯನ್ನು ಬಿಟ್ಟು, ಓದುಬರಹ ಹೊಸದಾಗಿ ಕಲಿತ ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಯನ್ನು ಆರಿಸಿಕೊಂಡರು. ಭಾಗವತವನ್ನು ಕಂಠಸ್ಥ ಮಾಡಿ ಬೆಳೆದ ಸಂಸ್ಕೃತ ಪಂಡಿತೆ ಇಂತಹ ಭಾಷೆಯನ್ನು ಆರಿಸಿಕೊಂಡುದು ಭಾಷಾಂತರ ಅಧ್ಯಯನದ ವಿದ್ಯಾರ್ಥಿಗಳು ಪರಿಶೀಲಿಸಬೇಕಾದ ಸಂಗತಿ. ಮಗಳು 1921ರ ಜುಲೈಯಲ್ಲಿ ತೀರಿಕೊಂಡಳು. ತಾಯಿ ಭಾಷಾಂತರದ ಕೆಲಸವನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ಕೊನೆಯುಸಿರೆಳೆದರು. ಅವರೇ ಸ್ಥಾಪಿಸಿದ ಮುದ್ರಣಾಲಯದಿಂದ ಆ ಗ್ರಂಥ 1924ರಲ್ಲಿ ಹೊರಬಂದಿತು.

ರಮಾಬಾಯಿಯವರ ಸಾಧನೆಯನ್ನು ಬೆಲೆಗಟ್ಟುವಾಗ ಅದರ ಮಿತಿಗಳನ್ನೂ ಹೇಳಬೇಕು. ಅವರ ಮುಖ್ಯ ಗ್ರಂಥ ಉಚ್ಚವರ್ಣದ ಸ್ತ್ರೀಯರಿಗಷ್ಟೇ ಸೀಮಿತವಾಗಿದೆ. ದುಡಿಯುವ ಜಾತಿಗಳ ಸ್ತ್ರೀಯರು ಅವರ ಆಶ್ರಮಕ್ಕೆ ಬಂದರಾದರೂ ಅವರನ್ನು ಕುರಿತು ಅಂತಹದೇ ಶಾಸ್ತ್ರೀಯ ಗ್ರಂಥವೊಂದು ಅವರಿಂದ ರಚಿತವಾಗಲಿಲ್ಲ. ಉತ್ತರಾರ್ಧದ ಬದುಕಿನಲ್ಲಿ ಧರ್ಮಶ್ರದ್ಧೆ ಬೆಳೆದಂತೆ, ಸಮಾಜವಿಶ್ಲೇಷಣೆಯ ಹಿಂದಿನ ಮೊನಚು ಕಡಿಮೆಯಾಯಿತು. ಹಿಂದೂ ಸುಧಾರಣೆಯ ಚರಿತ್ರೆಕಾರರು ಕ್ರೈಸ್ತಳೆಂದು ಅವರನ್ನು ಬದಿಗಿಟ್ಟರು. ಕ್ರೈಸ್ತ ಚರಿತ್ರಕಾರರು ಅವರನ್ನು ಭಕ್ತೆಯಾಗಿ ಕೊಂಡಾಡಿ, ಬಂಡಾಯದ ಭಾಗವನ್ನು ಮಸುಕುಗೊಳಿಸಿದರು. ಉಮಾ ಚಕ್ರವರ್ತಿ ಅವರ 1998ರ ಅಧ್ಯಯನ ಮತ್ತು ಮೀರಾ ಕೋಸಂಬಿಯವರ ಸಂಪಾದನೆ, ಅನುವಾದಗಳಿಂದ ಅವರ ಚಿತ್ರ ಈಚೆಗೆ ಸಮಗ್ರವಾಗುತ್ತಿದೆ.

ಮೊದಲು ಎತ್ತಿದ ಪ್ರಶ್ನೆಗೆ ಮರಳಬಹುದು. ಹೋರಾಟದಲ್ಲಿ ತೊಡಗಿದ್ದರಿಂದ ರಮಾಬಾಯಿಯವರ ವಿದ್ವತ್ತು ಸಡಿಲಗೊಂಡಿತೆ? 1882 ಮತ್ತು 1887ರ ಎರಡು ಗ್ರಂಥಗಳ ತುಲನೆ ಇದಕ್ಕೆ ವಿರುದ್ಧವಾದುದನ್ನೇ ಹೇಳುತ್ತದೆ. ಆಯೋಗದ ಮುಂದೆ ಸಾಕ್ಷ್ಯ ನುಡಿದು, ಬಿಷಪ್ಪರೊಡನೆ ವಾದಿಸಿ, ನ್ಯಾಯಾಲಯದ ತೀರ್ಪುಗಳನ್ನು ಗಮನಿಸಿದ ಮೇಲೆಯೇ ಅವರ ಓದು ಉಪದೇಶದ ಹಂತವನ್ನು ದಾಟಿ ವಿಶ್ಲೇಷಣೆಯಾಯಿತು. ಆ ವಿಶ್ಲೇಷಣೆ ಇಲ್ಲದಿದ್ದರೆ ಶಾರದಾ ಸದನ ಹುಟ್ಟುತ್ತಿರಲಿಲ್ಲ. ಇದಕ್ಕಾಗಿ ಅವರು ತೆತ್ತ ಬೆಲೆ, ಮಿತ್ರರ ಅಗಲಿಕೆ ಮತ್ತು ದೀರ್ಘಕಾಲದ ವಿಸ್ಮೃತಿ. ಮುಂಬಯಿ, ಪುಣೆಗಳಲ್ಲಿ ಕನ್ನಡವನ್ನು ಅಭ್ಯಸಿಸುವ ನಮಗೆ, ಗಂಗಾಮೂಲದಲ್ಲಿ ಹುಟ್ಟಿ ಇದೇ ನಗರಗಳಲ್ಲಿ ದುಡಿದ ಈ ವಿದುಷಿಯ ಮರಾಠಿ ಕೃತಿಗಳನ್ನು ಕನ್ನಡದ ಓದಿಗೆ ತರುವ, ಅವರ ತಂದೆಯ ಕಾಲದ ಕರಾವಳಿಯ ವಿದ್ವತ್ಪರಂಪರೆಯನ್ನು ಶೋಧಿಸುವ ಅನುಕೂಲವೂ ಹೊಣೆಯೂ ಇವೆ. ಎರಡು ಭಾಷೆಗಳ ನಡುವೆ ಬದುಕುವವರು ಮಾಡಬಹುದಾದ ಕೆಲಸವಿದು.